ಪಕ್ಕದ ರೂಮಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಹೋರಾಟಗಳಲ್ಲಿ ಹೆಂಗಸರು ಯಾಕೆ ಮುಂದೆ ಬರುತ್ತಿಲ್ಲ ಎಂಬ ಪ್ರಶ್ನೆ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಬರೆಯುವವರು ಓದು, ಸಂಪ್ರದಾಯ, ಮನೆಯವರ ವಿರೋಧ ಎಂದು ಹಲವು ಕಾರಣ ಕೊಡುತ್ತಾರೆ. ಅವೆಲ್ಲ ನಿಜವೇ. ಆದರೆ ನನ್ನ ಕಣ್ಣಿಗೆ ದಿನವೂ ಬೀಳುವ ಒಂದು ಕಾರಣವನ್ನು ಯಾರೂ ಬರೆಯುವುದಿಲ್ಲ. ಸಭೆ ಸಂಜೆ ಆರಕ್ಕೆ ಇಡುತ್ತಾರೆ. ಆ ಹೊತ್ತಿಗೆ ಮಗುವಿಗೆ ಹಸಿವು, ನಿದ್ದೆ, ಅಮ್ಮನೇ ಬೇಕೆಂಬ ಹಠ ಎಲ್ಲವೂ ಒಟ್ಟಿಗೆ ಶುರುವಾಗಿರುತ್ತದೆ.

ನಾನು ಹನ್ನೊಂದು ವರ್ಷದಿಂದ ಇಂಥ ಸಭೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ. ಕೂಲಿ ಹೆಚ್ಚಿಸಿ ಎನ್ನುವವರು, ಮನೆ ಕಳೆದುಕೊಂಡವರು, ಅಂಗವಿಕಲರ ಹಕ್ಕು ಕೇಳುವವರು, ಹೀಗೆ ಯಾರು ಕರೆದರೂ ಹೋಗಿದ್ದೇನೆ. ದುಡ್ಡಿಗಾಗಿ ಹೋದವಳಲ್ಲ. ಒಳಗೆ ಮಾತಾಡುತ್ತಿರುವ ವಿಷಯ ನನ್ನದೂ ಹೌದು ಅಂತ ಹೋದವಳು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಒಂದು ದಿನದ ಕಥೆ ಹೇಳುತ್ತೇನೆ. ಸಂಘಟನೆಯ ಹೆಸರು ಬೇಡ, ಅವರು ಒಳ್ಳೆಯ ಕೆಲಸವನ್ನೇ ಮಾಡುತ್ತಿದ್ದಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಸಭೆ. 14 ಮಕ್ಕಳು, ನೋಡಿಕೊಳ್ಳಲು ನಾವಿಬ್ಬರು. ಎಲ್ಲಕ್ಕಿಂತ ಚಿಕ್ಕದು ಏಳು ತಿಂಗಳ ಕೂಸು, ದೊಡ್ಡವನಿಗೆ ಹನ್ನೊಂದು ವರ್ಷ. ನಮಗೆ ಕೊಟ್ಟದ್ದು ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದ ರೂಮು. ಒಂದು ಮಗು ಆ ಕುರ್ಚಿಯ ರಾಶಿ ಹತ್ತಲು ಹೋದರೆ ಇನ್ನೊಂದು ಬಾಗಿಲಾಚೆ ಓಡುತ್ತಿತ್ತು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ನಾನು ಇಡೀ ದಿನ ನಿಂತಿದ್ದೆ. ಕೂತರೆ ಅದು ಅಳುತ್ತಿತ್ತು. ಶೌಚಾಲಯಕ್ಕೆ ಹೋಗಬೇಕೆಂದರೂ ಉಳಿದ ಹುಡುಗಿಯೊಬ್ಬಳ ಮೇಲೆ 14 ಮಕ್ಕಳನ್ನು ಬಿಟ್ಟು ಹೋಗಬೇಕಿತ್ತು, ಹಾಗಾಗಿ ಹೋಗಲಿಲ್ಲ. ಸಭೆ ಐದಕ್ಕೆ ಮುಗಿಯಲಿಲ್ಲ. ಆರೂ ನಲವತ್ತಕ್ಕೆ ಮುಗಿಯಿತು. ನಡುವೆ ಒಬ್ಬರಾದರೂ ಬಂದು ತಡವಾಗುತ್ತದೆ ಅಂತ ಹೇಳಲಿಲ್ಲ.

ಕೊನೆಗೆ ವಂದನಾರ್ಪಣೆ ಬಾಗಿಲಲ್ಲಿ ನಿಂತಿದ್ದ ನನಗೆ ಕೇಳಿಸಿತು. ಮೈಕಿನವರಿಗೆ, ಫೋಟೋ ತೆಗೆದವರಿಗೆ, ಸಭಾಂಗಣ ಕೊಟ್ಟವರಿಗೆ ಧನ್ಯವಾದ ಹೇಳಿದರು. ನಮ್ಮ ನೆನಪು ಬರಲಿಲ್ಲ. ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ನನಗೆ ನೋವಾದದ್ದು ಬೇರೆ ಮಾತಿಗೆ. ನನ್ನ ಜೊತೆ ಇದ್ದ ಹುಡುಗಿ ಕಾಲೇಜು ಓದುತ್ತಿದ್ದವಳು, ಅವಳಿಗೆ ಅದೇ ಮೊದಲ ಸಲ. ಮನೆ ಖಾಲಿ ಮಾಡಿಸುವುದರ ವಿರುದ್ಧ ಆ ಸಭೆ ಸೇರಿತ್ತು, ಮತ್ತು ಅವಳ ಮನೆಗೇ ನೋಟಿಸು ಬಂದಿತ್ತು. ಎಲ್ಲ ಮಕ್ಕಳೂ ಹೋದ ಮೇಲೆ ನೆಲ ಗುಡಿಸುತ್ತಾ ಅವಳು ನನ್ನನ್ನು ಕೇಳಿದಳು: 'ಅಕ್ಕಾ, ಕೊನೆಗೆ ಏನು ತೀರ್ಮಾನ ಆಯಿತು?' ನನಗೂ ಗೊತ್ತಿರಲಿಲ್ಲ. ತನ್ನ ಮನೆಯ ವಿಷಯ ಮಾತಾಡುವ ಸಭೆಗೆ ಬಂದು, ಎಂಟೂವರೆ ಗಂಟೆ ದುಡಿದು, ಏನು ತೀರ್ಮಾನವಾಯಿತು ಅಂತ ತಿಳಿಯದೆ, ಕೊನೆಯ ಬಸ್ಸೂ ತಪ್ಪಿ ಆ ಹುಡುಗಿ ಹೋದಳು. ಮತ್ತೆ ಯಾವ ಸಭೆಯಲ್ಲೂ ಅವಳನ್ನು ನಾನು ನೋಡಲಿಲ್ಲ. ಅವಳು ಇವತ್ತಿಗೂ ನನ್ನನ್ನು ಕಾಡುತ್ತಾಳೆ.

ಮಕ್ಕಳನ್ನು ನೋಡಿಕೊಳ್ಳುವವರು ಕೂಡ ಆ ಹೋರಾಟದ ಸದಸ್ಯರೇ ಅಲ್ವಾ? ಹಾಗಿದ್ದರೆ ಅವರು ಪ್ರತಿಸಲವೂ ಸಭೆಯ ಹೊರಗೆ ಇರುವುದು ಹೇಗೆ ಸರಿ? ಒಂದು ಸಲ ಹೊರಗಿದ್ದರೆ ಅದು ಸಹಾಯ. ಹತ್ತು ಸಲವೂ ಅದೇ ಇಬ್ಬರು ಹೊರಗಿದ್ದರೆ, ಅವರಿಗೆ ಮಾತಿನ ಹಕ್ಕಿಲ್ಲ ಅಂತಲೇ ಅರ್ಥ. ಮತ್ತು ಹೊರಗಿರುವವರು ಯಾರು ಅಂತ ನೋಡಿ. ಹೆಚ್ಚಾಗಿ ಚಿಕ್ಕ ವಯಸ್ಸಿನ ಹುಡುಗಿಯರು, ಇಲ್ಲವೇ ಮಾತಾಡಲು ಹಿಂಜರಿಯುವ ಹೆಂಗಸರು. 'ನೀವು ಮಕ್ಕಳ ಜೊತೆ ತುಂಬಾ ಚೆನ್ನಾಗಿ ಇರುತ್ತೀರಿ' ಅಂತ ಅವರಿಗೆ ಹೇಳುತ್ತಾರೆ. ನನಗೂ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಚೆನ್ನಾಗಿ ಭಾಷಣ ಮಾಡುವ ಗಂಡಸರಿಗೆ 'ಈ ಸಲ ನೀವು ಮಕ್ಕಳ ರೂಮಿಗೆ ಹೋಗಿ' ಅಂತ ಯಾರೂ ಹೇಳುವುದಿಲ್ಲ.

ಹೇಳಿದ್ದು ಉಂಟು, ಬಹಳ ಹಿಂದೆಯೇ. 1970ರ ಫೆಬ್ರವರಿ ಕೊನೆಯಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ರಸ್ಕಿನ್ ಕಾಲೇಜಿನಲ್ಲಿ ಆ ದೇಶದ ಮೊದಲ ಮಹಿಳಾ ವಿಮೋಚನೆ ಸಮ್ಮೇಳನ ನಡೆಯಿತು. ಅಂದುಕೊಂಡದ್ದಕ್ಕಿಂತ ಎಷ್ಟೋ ಜಾಸ್ತಿ ಜನ, ನೂರಾರು ಹೆಂಗಸರು ಬಂದರು. ಅವರು ಚರ್ಚೆ ಮಾಡುತ್ತಿದ್ದಾಗ ಮಕ್ಕಳನ್ನು ನೋಡಿಕೊಂಡವರು ಗಂಡಸರು. ಆಗಲೇ ಹೆಸರು ಮಾಡಿದ್ದ ಚಿಂತಕ ಸ್ಟೂವರ್ಟ್ ಹಾಲ್ ಕೂಡ ಅವರಲ್ಲಿ ಒಬ್ಬರು. ಆ ಚಳವಳಿ ಮುಂದಿಟ್ಟ ಮೊದಲ ನಾಲ್ಕು ಬೇಡಿಕೆಗಳಲ್ಲಿ ಸಮಾನ ವೇತನದ ಜೊತೆಗೇ, ದಿನದ 24 ಗಂಟೆಯೂ ತೆರೆದಿರುವ ಉಚಿತ ಶಿಶುಪಾಲನಾ ಕೇಂದ್ರ ಬೇಕು ಎಂಬುದೂ ಇತ್ತು. ಆ ಹೆಂಗಸರು ತಮ್ಮ ಬೇಡಿಕೆಯನ್ನು ತಮ್ಮ ಸಮ್ಮೇಳನದಲ್ಲೇ ಮೊದಲು ಮಾಡಿ ತೋರಿಸಿದರು. ನನಗೆ ಇದು ತುಂಬಾ ಇಷ್ಟವಾದ ಸಂಗತಿ. ಐವತ್ತು ವರ್ಷ ದಾಟಿದ ಮೇಲೂ ನಾವು ಅಲ್ಲಿಯವರೆಗೆ ಬಂದಿಲ್ಲವಲ್ಲ ಅಂತ ಬೇಸರವೂ ಆಗುತ್ತದೆ.

ಐಸ್‌ಲ್ಯಾಂಡಿನದು ಇನ್ನೊಂದು ಕಥೆ. 1975ರ ಅಕ್ಟೋಬರ್ 24ರಂದು ಆ ದೇಶದ ಸುಮಾರು 90 ಶೇಕಡ ಹೆಂಗಸರು ಆಫೀಸಿನ ಕೆಲಸವನ್ನೂ ಮನೆಯ ಕೆಲಸವನ್ನೂ ಒಟ್ಟಿಗೇ ನಿಲ್ಲಿಸಿದರು. ಅಪ್ಪಂದಿರು ಬೇರೆ ದಾರಿಯಿಲ್ಲದೆ ಮಕ್ಕಳನ್ನು ಆಫೀಸಿಗೆ ಕರೆದುಕೊಂಡು ಹೋದರು. ರೇಡಿಯೋದಲ್ಲಿ ವಾರ್ತೆ ಓದುವಾಗ ಹಿಂದೆ ಮಕ್ಕಳ ಆಟದ ಸದ್ದು ಕೇಳಿಸುತ್ತಿತ್ತಂತೆ. ಮಕ್ಕಳನ್ನು ಹಿಡಿದುಕೊಂಡ ಕೈ ಒಂದು ದಿನ ಬಿಟ್ಟರೆ ಏನಾಗುತ್ತದೆ ಎಂದು ಇಡೀ ದೇಶಕ್ಕೆ ಗೊತ್ತಾಯಿತು. ಮುಂದಿನ ವರ್ಷವೇ ಅಲ್ಲಿ ಸಮಾನತೆಯ ಕಾನೂನು ಬಂತು.

ಇನ್ನು ಕೆಲಸದ ವಿಷಯಕ್ಕೆ ಬರುತ್ತೇನೆ. 'ನೋಡಿಕೊಳ್ಳುವುದೇನು ಮಹಾ, ಮಕ್ಕಳು ತಾವೇ ಆಡಿಕೊಳ್ಳುತ್ತವೆ' ಅಂತ ಹೇಳುವವರಿಗೆ ನಾನು ಕೋಪ ಮಾಡಿಕೊಳ್ಳುವುದಿಲ್ಲ. ಅವರು ಆ ರೂಮಿನಲ್ಲಿ ಕೂತಿಲ್ಲ, ಅಷ್ಟೇ. ನಮ್ಮ ಮಡಿಲಲ್ಲಿ ಇರುವುದು ಬೇರೆಯವರ ಮಗು. ಅದಕ್ಕೆ ಯಾವುದು ಒಗ್ಗುವುದಿಲ್ಲ, ಯಾವಾಗ ಮಲಗುತ್ತದೆ, ಯಾವ ಮಾತಿಗೆ ಹೆದರುತ್ತದೆ, ಒಂದೂ ನಮಗೆ ಗೊತ್ತಿರುವುದಿಲ್ಲ. ಅಂಗಿಯ ಗುಂಡಿಯ ಗಾತ್ರದ ಬ್ಯಾಟರಿ ಇರುತ್ತದಲ್ಲ, ಆಟದ ಸಾಮಾನಿನಲ್ಲಿ, ಸಣ್ಣ ರಿಮೋಟಿನಲ್ಲಿ ಹಾಕುವುದು, ಅದನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಹಾಗಾಗಿ ರೂಮಿಗೆ ಹೋದ ಕೂಡಲೇ ನಾನು ಮೊದಲು ಮಂಡಿಯೂರಿ, ಮಗುವಿನ ಎತ್ತರದಲ್ಲಿ ನೆಲವನ್ನೆಲ್ಲ ನೋಡುತ್ತೇನೆ. ಪಿನ್ನು, ನಾಣ್ಯ, ಪೆನ್ನಿನ ಮುಚ್ಚಳ ಏನಾದರೂ ಸಿಕ್ಕೇ ಸಿಗುತ್ತದೆ. ಕೂಸನ್ನು ಯಾವಾಗಲೂ ಅಂಗಾತ ಮಲಗಿಸಬೇಕು, ಬೋರಲು ಮಲಗಿಸಬಾರದು. ಅಮೆರಿಕದಲ್ಲಿ 1994ರಿಂದ ಇದೊಂದನ್ನು ಎಲ್ಲ ತಾಯಂದಿರಿಗೂ ಹೇಳತೊಡಗಿದ ಮೇಲೆ ನಿದ್ದೆಯಲ್ಲೇ ದಿಢೀರ್ ಸಾಯುವ ಕೂಸುಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಇದನ್ನು ನನಗೆ ಕಲಿಸಿದ್ದು ಒಬ್ಬ ನರ್ಸು, ನಾನು ಕೆಲಸ ಶುರು ಮಾಡಿ ನಾಲ್ಕು ವರ್ಷವಾದ ಮೇಲೆ. ಅಲ್ಲಿಯವರೆಗೆ ನನ್ನ ಕೈಗೆ ಕೂಸು ಕೊಟ್ಟ ಯಾವ ಸಂಘಟನೆಯೂ 'ಇದು ನಿಮಗೆ ಗೊತ್ತಾ' ಅಂತ ಕೇಳಿರಲಿಲ್ಲ. ಆ ನಾಲ್ಕು ವರ್ಷ ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ಎಷ್ಟು ಮಕ್ಕಳಿಗೆ ಎಷ್ಟು ಜನ ಬೇಕು ಎನ್ನುವುದಕ್ಕೂ ಲೆಕ್ಕವಿದೆ. ಇಂಗ್ಲೆಂಡಿನ ಶಿಶುಪಾಲನಾ ಕೇಂದ್ರಗಳ ನಿಯಮದಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಕನಿಷ್ಠ ಒಬ್ಬರು ಇರಬೇಕು. ಎರಡು ವರ್ಷದ ಮಕ್ಕಳಾದರೆ ಐವರಿಗೆ ಒಬ್ಬರು. ಮೂರು ದಾಟಿದ ಮೇಲೆ, ತರಬೇತಾದ ಶಿಕ್ಷಕರು ಇಲ್ಲದಿದ್ದರೆ, ಎಂಟು ಮಕ್ಕಳಿಗೆ ಒಬ್ಬರು. ಇದು ಸಂಬಳ ಪಡೆದು, ಕಲಿತು, ದಿನವೂ ಅದೇ ಮಕ್ಕಳನ್ನು ನೋಡುವವರಿಗೆ ಹಾಕಿದ ಲೆಕ್ಕ. ನಮ್ಮಂತೆ ಒಂದು ದಿನಕ್ಕೆ ಬರುವವರಿಗೆ ಇನ್ನೂ ಜಾಸ್ತಿ ಜನ ಬೇಕಾಗುತ್ತದೆ. ಅದೇನೇ ಇರಲಿ, ಮಕ್ಕಳು ಮೂವರೇ ಇದ್ದರೂ ರೂಮಿನಲ್ಲಿ ಇಬ್ಬರು ದೊಡ್ಡವರು ಇರಲೇಬೇಕು, ಬಾಗಿಲು ತೆರೆದಿರಬೇಕು. ಒಬ್ಬರಿಗೇ ಮಕ್ಕಳನ್ನು ಒಪ್ಪಿಸಬಾರದು. ಇದು ಮಕ್ಕಳ ರಕ್ಷಣೆಗೂ ಹೌದು, ನೋಡಿಕೊಳ್ಳುವವರ ರಕ್ಷಣೆಗೂ ಹೌದು. 'ನಮ್ಮವರೇ ಅಲ್ವಾ, ನಂಬಿಕೆ ಇಲ್ವಾ?' ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ದಯವಿಟ್ಟು ಬೇಜಾರು ಬೇಡ. ಮಕ್ಕಳಿಗೆ ಕೆಟ್ಟದ್ದು ಮಾಡುವವರು ಹೆಚ್ಚಿನ ಸಲ ಗುರುತಿನವರೇ ಆಗಿರುತ್ತಾರೆ. ನ್ಯಾಯ ಕೇಳುವ ಗುಂಪು ಅಂದ ಮಾತ್ರಕ್ಕೆ ಅಲ್ಲಿ ಅಂಥವರು ಇರುವುದಿಲ್ಲ ಎಂದು ಹೇಳಲಾಗದು. ಹೊಸದಾಗಿ ಬಂದವರನ್ನು ವಿಚಾರಿಸದೆ ಮಕ್ಕಳ ರೂಮಿಗೆ ಕಳಿಸಬಾರದು.

ಹುಡುಗರು ಸ್ವಲ್ಪ ದೊಡ್ಡವರಾದರೆ ಕಷ್ಟ ಬೇರೆ ಥರ. ಒಂಬತ್ತು, ಹತ್ತು ವರ್ಷದವರನ್ನು ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಲಾಗುವುದಿಲ್ಲ. ಒಳಗೆ ಏನು ನಡೆಯುತ್ತಿದೆ ಅಂತ ಅವರು ಕೇಳುತ್ತಾರೆ. ಹೇಳಬೇಕು. ಒಮ್ಮೆ ನಾವು ಆ ದಿನದ ವಿಷಯವನ್ನೇ ಮಕ್ಕಳಿಗೆ ಕೊಟ್ಟು, 'ನಿಮ್ಮ ಕೈಯಲ್ಲಿ ಇದ್ದರೆ ಏನು ಮಾಡುತ್ತಿದ್ದಿರಿ' ಅಂತ ಕೇಳಿದೆವು. ಎರಡು ಗಂಟೆ ಜಗಳ ಆಡುತ್ತಾ, ಚಿತ್ರ ಬರೆಯುತ್ತಾ ಕೂತರು. ಸಂಜೆ ಒಬ್ಬ ಹುಡುಗಿ ದೊಡ್ಡವರ ಮುಂದೆ ಹೋಗಿ ಓದಿದಳು. ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಅವರ ಮಾತು ಕೇಳಬೇಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಮನೆ ಖಾಲಿ ಮಾಡಿಸಿದರೆ ಶಾಲೆ ತಪ್ಪುವುದು ಅವರಿಗೇ ತಾನೇ.

ಅಪ್ಪ ಅಮ್ಮಂದಿರ ಬಗ್ಗೆ ಬರೆಯದೆ ಇರಲಾರೆ. ಎರಡು ವರ್ಷದ ಮಗುವಿನ ತಾಯಿ ಒಬ್ಬರು ಮೊದಲ ಎರಡು ಸಭೆಗಳಲ್ಲಿ ನಮ್ಮ ರೂಮಿನ ಬಾಗಿಲ ಬಳಿಯೇ ಕೂತಿದ್ದರು. ಮಗು ಅವರ ಸೆರಗು ಬಿಡುತ್ತಿರಲಿಲ್ಲ. ಸಭೆಯಿಂದ ಯಾರೋ ಬಂದು 'ಒಳಗೆ ಬನ್ನಿ, ಅಳಲಿ ಬಿಡಿ, ಆಮೇಲೆ ಸುಮ್ಮನಾಗುತ್ತೆ' ಅಂದರು. ನಾನು ಬೇಡ ಅಂದೆ. ಮೂರನೆಯ ಸಲ ಮಗು ತಾನಾಗಿಯೇ ನನ್ನ ಹತ್ತಿರ ಬಂತು. ತಾಯಿ ಒಳಗೆ ಹೋದರು. ಒಂದು ಗಂಟೆಯ ಮೇಲೆ ಹೊರಗೆ ಬಂದಾಗ ಅವರ ಕೈ ನಡುಗುತ್ತಿತ್ತು. 'ಮಾತಾಡಿಬಿಟ್ಟೆ' ಅಂದರು. ಇವತ್ತು ಆ ಸಂಘಟನೆಯ ಹಣದ ಲೆಕ್ಕವೆಲ್ಲ ಅವರ ಕೈಯಲ್ಲಿದೆ. ಅವರು ಮಾತಾಡಲು ನಮ್ಮ ಕಡೆಯಿಂದ ಮೂರು ಸಭೆಗಳಷ್ಟು ತಾಳ್ಮೆ ಬೇಕಾಯಿತು, ಅಷ್ಟೇ.

ಆದರೆ ಎಲ್ಲರೂ ಹೀಗೆ ಬಾಗಿಲವರೆಗೂ ಬರುವುದಿಲ್ಲ. ಮಗು ಹುಟ್ಟಿದ ಮೇಲೆ ಒಬ್ಬರು ಸಭೆಗೆ ಬರುವುದು ನಿಲ್ಲಿಸುತ್ತಾರೆ. ಮೊದಲ ತಿಂಗಳು ಎಲ್ಲರೂ ಕೇಳುತ್ತಾರೆ. ಆರನೇ ತಿಂಗಳಿಗೆ 'ಅವರಿಗೆ ಈಗ ಆಸಕ್ತಿ ಇಲ್ಲ' ಅಂತ ಮಾತು ಹುಟ್ಟುತ್ತದೆ. ಆಸಕ್ತಿ ಎಲ್ಲಿಗೂ ಹೋಗಿರುವುದಿಲ್ಲ. ರಾತ್ರಿ ಮೂರು ಸಲ ಎದ್ದವರಿಗೆ, ಒಬ್ಬರೇ ಮಗು ಸಾಕುತ್ತಿರುವವರಿಗೆ, ಎರಡು ಪಾಳಿ ಕೆಲಸ ಮಾಡುವವರಿಗೆ ಸಭೆಗೆ ಬರುವ ದಾರಿಯೇ ಇರುವುದಿಲ್ಲ. ಮಗುವಿಗೆ ಅಂಗವೈಕಲ್ಯ ಇದ್ದರಂತೂ ಅವರು ನಮ್ಮನ್ನು ಕೇಳುವುದಕ್ಕೇ ಹಿಂಜರಿಯುತ್ತಾರೆ, ಇವರಿಗೆ ನೋಡಿಕೊಳ್ಳಲು ಬರುತ್ತದೋ ಇಲ್ಲವೋ ಅಂತ. ಅವರು ಕೇಳುವ ಮೊದಲೇ ನಾವು ಮನೆಗೆ ಹೋಗಬೇಕು. ಅರ್ಧ ದಿನ ಮಗುವಿನ ಜೊತೆ ಇದ್ದು, ಹೇಗೆ ಎತ್ತಿಕೊಳ್ಳಬೇಕು, ಯಾವ ಸದ್ದು ಆಗುವುದಿಲ್ಲ ಎಂದು ಕಲಿತುಕೊಳ್ಳಬೇಕು. ಕೋರ್ಟಿಗೆ ಅಲೆಯುವ ದಿನ, ಬಂಧನವಾದ ದಿನ, ಆಸ್ಪತ್ರೆಯ ದಿನ, ಇವೆಲ್ಲದಕ್ಕೂ ಮಗುವನ್ನು ಇಟ್ಟುಕೊಳ್ಳುವ ಮೂರು ಮನೆಗಳ ಹೆಸರು ಪ್ರತಿ ಕುಟುಂಬದ ಹತ್ತಿರ ಮೊದಲೇ ಬರೆದಿಟ್ಟಿರಬೇಕು. ಮೆರವಣಿಗೆಗೆ ಮಗುವನ್ನು ಕರೆತರುವುದೋ ಬೇಡವೋ ಎನ್ನುವುದು ಅಪ್ಪ ಅಮ್ಮನ ತೀರ್ಮಾನ, ಅದನ್ನು ಬೇರೆ ಯಾರೂ ಹೇರಬಾರದು. ತಂದರೆ ಮಗುವಿನ ತೋಳಿನ ಮೇಲೆ ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ, ಗಲಾಟೆಯಾದರೆ ಎಲ್ಲಿ ಸೇರಬೇಕೆಂದು ಮೊದಲೇ ಹೇಳಿಡಿ. ಮತ್ತು ಮಕ್ಕಳ ಫೋಟೋ ತೆಗೆದು ಹಾಕಬೇಡಿ. ಪುಟ್ಟ ಕೈಯಲ್ಲಿ ಫಲಕ ಹಿಡಿದ ಚಿತ್ರ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ನಾಳೆ ಆ ಮುಖವನ್ನು ಯಾರು ಗುರುತು ಹಿಡಿಯುತ್ತಾರೋ ನಮಗೆ ತಿಳಿಯದು.

ಪೋಷಕರಿಗೂ ನನ್ನದೊಂದು ಬೇಡಿಕೆ ಇದೆ. ಮಗುವಿನ ಬಗ್ಗೆ ಏನನ್ನೂ ಮುಚ್ಚಿಡಬೇಡಿ. ಜ್ವರ ಇದ್ದರೆ ಇದೆ ಎಂದು ಹೇಳಿ, ಔಷಧಿ ಇದ್ದರೆ ಬರೆದುಕೊಡಿ, ಕರೆದುಕೊಂಡು ಹೋಗುವವರು ಬೇರೆಯವರಾದರೆ ಮೊದಲೇ ತಿಳಿಸಿ. ಸಭೆ ಮುಗಿದ ಮೇಲೆ ಹೊರಗೆ ಅರ್ಧ ಗಂಟೆ ಮಾತಾಡುತ್ತಾ ನಿಲ್ಲುತ್ತೀರಿ. ಆ ಮಾತೂ ಮುಖ್ಯವೇ, ಗೊತ್ತು. ಮೊದಲು ಮಗುವನ್ನು ಎತ್ತಿಕೊಂಡು ಆಮೇಲೆ ಮಾತಾಡಿ. ಹಾಗೆಯೇ, ಮಗು ಅತ್ತರೆ ನಮ್ಮ ಮುಂದೆ ನಾಚಿಕೊಳ್ಳಬೇಡಿ. ಹಾಲು ಕುಡಿಯುವ ಕೂಸನ್ನು ಸಭೆಯ ಒಳಗೇ ಇಟ್ಟುಕೊಳ್ಳುವ ಹಕ್ಕು ನಿಮಗಿದೆ. ಅದು ಕುಯ್‌ಗುಟ್ಟಿದರೆ ಮಾತಾಡುವವರು ಒಂದು ನಿಮಿಷ ನಿಲ್ಲಿಸಲಿ, ಏನೂ ಆಗುವುದಿಲ್ಲ.

ಸಂಬಳ ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗಲೆಲ್ಲ ಗಲಾಟೆಯಾಗುತ್ತದೆ. 'ದುಡ್ಡು ಬಂದರೆ ಸೇವೆ ಹೋಯಿತು' ಅಂತ ಹಿರಿಯರು ಹೇಳುತ್ತಾರೆ. ಅವರ ಮಾತಿನ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೂ ನಾನು ಒಪ್ಪುವುದಿಲ್ಲ. ಮೈಕಿಗೆ, ಬ್ಯಾನರಿಗೆ, ಸಭಾಂಗಣದ ಬಾಡಿಗೆಗೆ ಹಣ ಇರುವ ಸಂಘಟನೆ ಮಕ್ಕಳನ್ನು ನೋಡಿಕೊಳ್ಳುವವರಿಗೂ ಹಣ ಕೊಡಬೇಕು. ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಇರಬೇಕು, ಮೈಕಿನ ಸಾಲಿಗಿಂತ ಮೇಲೆ. ಹಣವೇ ಇಲ್ಲದ ಸಣ್ಣ ಗುಂಪಾದರೆ ಸರದಿ ಇರಲಿ. ಅಧ್ಯಕ್ಷರ ಹೆಸರೂ ಆ ಸರದಿಯಲ್ಲಿ ಇರಲಿ. ಬಸ್ ಚಾರ್ಜು, ಊಟ, ಒಂದು ಪ್ರಥಮ ಚಿಕಿತ್ಸೆಯ ತರಬೇತಿ, ಇಷ್ಟಾದರೂ ಎಲ್ಲರಿಗೂ ಕೊಡಲು ಆಗುತ್ತದೆ. ಸಭೆ ಮುಗಿದ ಕೂಡಲೇ ಒಬ್ಬರು ಬಂದು ಹತ್ತು ನಿಮಿಷ ಕೂತು, ಏನು ಚರ್ಚೆಯಾಯಿತು, ಏನು ತೀರ್ಮಾನವಾಯಿತು ಅಂತ ಹೇಳುವುದಕ್ಕಂತೂ ಒಂದು ಪೈಸೆಯೂ ಖರ್ಚಿಲ್ಲ. ಮತ ಹಾಕುವುದಿದ್ದರೆ ನಮ್ಮನ್ನು ಕರೆಯಿರಿ. ಐದು ನಿಮಿಷ ಬೇರೆಯವರು ಮಕ್ಕಳನ್ನು ನೋಡಿಕೊಳ್ಳಲಿ.

ಇದನ್ನೆಲ್ಲ ಮಾಡಲು ಆಗುತ್ತದೆ ಎಂದು ತೋರಿಸಿದವರು ಇದ್ದಾರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಬೇ ಏರಿಯಾ ಚೈಲ್ಡ್‌ಕೇರ್ ಕಲೆಕ್ಟಿವ್ ಎಂಬ ಗುಂಪು ಇದೇ ಕೆಲಸಕ್ಕೆ ಹುಟ್ಟಿಕೊಂಡಿತು. ವಲಸೆ ಬಂದ ಹೆಂಗಸರು, ಬಡ ಹೆಂಗಸರು ಕಟ್ಟಿದ ಸಂಘಟನೆಗಳ ಸಭೆಗಳಿಗೆ ಹೋಗಿ ಅವರು ಮಕ್ಕಳನ್ನು ನೋಡಿಕೊಂಡರು. ತರಬೇತಿ ಪಡೆದು, ಹೇಳಿದ ಹೊತ್ತಿಗೆ ತಪ್ಪದೆ ಹೋಗುವುದನ್ನೇ ತಮ್ಮ ಹೋರಾಟ ಎಂದುಕೊಂಡರು. ಒಂದೇ ಸಂಘಟನೆಗೆ ಭಾರವಾದರೆ ನಾಲ್ಕು ಸಂಘಟನೆ ಸೇರಿ ಇಂಥ ಒಂದು ಗುಂಪು ಕಟ್ಟಬಹುದು. ಇವತ್ತು ನಿಮ್ಮ ಸಭೆಗೆ ಅವರು, ನಾಳೆ ಅವರ ಸಭೆಗೆ ನೀವು. ಆಗ ಯಾರೂ ತಮ್ಮದೇ ಸಭೆಯ ಹೊರಗೆ ಕೂರಬೇಕಾಗುವುದಿಲ್ಲ. ಎಷ್ಟು ಸುಲಭದ ದಾರಿ ನೋಡಿ. ನಾನಿದನ್ನು ಐದಾರು ಕಡೆ ಹೇಳಿದ್ದೇನೆ, 'ಒಳ್ಳೆ ಯೋಚನೆ' ಅನ್ನುತ್ತಾರೆ, ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಅದು ಇರುವುದಿಲ್ಲ.

ಕೊನೆಗೆ ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. 'ಇಂದಿನ ಕಾರ್ಯಕ್ರಮ' ಎಂದು ಸಭೆಗಳ ಪಟ್ಟಿ ಹಾಕುತ್ತೀರಿ. ಸ್ಥಳ, ಸಮಯ, ಅಧ್ಯಕ್ಷತೆ, ಅತಿಥಿಗಳು ಎಲ್ಲ ಇರುತ್ತದೆ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗ ಕೊಡಿ: ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದೆಯೋ ಇಲ್ಲವೋ, ಇದ್ದರೆ ಎಷ್ಟು ಹೊತ್ತಿನವರೆಗೆ. ಸುದ್ದಿ ಕಳಿಸುವ ಸಂಘಟನೆಗಳನ್ನು ನೀವೇ ಕೇಳಿ. ಪತ್ರಿಕೆಯವರು ಕೇಳುತ್ತಾರೆ ಅಂತ ಗೊತ್ತಾದರೆ ಅವರು ಆ ರೂಮು, ಆ ಇಬ್ಬರು ಜನ, ಮುಗಿಯುವ ಸಮಯ ಎಲ್ಲವನ್ನೂ ಮೊದಲೇ ಯೋಚಿಸಲೇಬೇಕಾಗುತ್ತದೆ. ಮಗುವನ್ನು ಎತ್ತಿಕೊಂಡು ಬೆಳಿಗ್ಗೆ ನಿಮ್ಮ ಪತ್ರಿಕೆ ಓದುವ ತಾಯಿಗೂ ಇವತ್ತು ನಾನು ಹೋಗಬಹುದೋ ಅಂತ ಗೊತ್ತಾಗುತ್ತದೆ.

ಇಂತಿ,
ಸಭೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಓದುಗರು